ಮೂರನೆಯ ಬೋಲ್ಟು

ನ್ಯೂ ಟೌನ್, ಕೋಲ್ಕತ್ತಾ
3 ಅಕ್ಟೋಬರ್ 2024

ಅಣ್ಣಾ,

ನನ್ನ ಫೋನನ್ನು ನೀನು ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ಒಂದು ಟಿಕ್ ಬಿದ್ದು ಅಲ್ಲಿಗೇ ನಿಲ್ಲುತ್ತದೆ. ಎರಡು ವರ್ಷ ಒಂಬತ್ತು ತಿಂಗಳಾಯಿತು. ಕಾಗದವಾದರೆ ಪೋಸ್ಟ್‌ಮನ್ ನಿನ್ನ ಕೈಗೇ ಕೊಡುತ್ತಾನೆ, ಹರಿದು ಹಾಕುವ ಮೊದಲು ನಾಲ್ಕು ಸಾಲನ್ನಾದರೂ ಓದುತ್ತೀ ಎಂದುಕೊಂಡು ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ನಾನು ಮೇಘಾಲಯಕ್ಕೆ ಹೋಗಬೇಕಾಗಿದೆ. ನನ್ನ ಪಿಎಚ್‌ಡಿ ಸುಣ್ಣದಕಲ್ಲಿನ ಮೇಲೆ, ಅಲ್ಲಿಯ ಗೋಡೆಗಳಿಂದ ಕಲ್ಲಿನ ಚೂರು ತರಬೇಕು. ಒಬ್ಬಳೇ ಹೋಗುವ ಜಾಗವಲ್ಲ. ಇಲ್ಲಿಯ ಒಂದು ಕ್ಲೈಂಬಿಂಗ್ ಕ್ಲಬ್ಬಿನವರು ಅದೇ ಬಂಡೆಗಳನ್ನು ಹತ್ತಲು ಹೊರಟಿದ್ದಾರೆ, ಅವರ ಜೊತೆ ಸೇರಿಕೊಂಡೆ. ಕ್ಲಬ್ಬು ನಡೆಸುವ ಅಮಿತ್‌ಗೆ ನಾನು ಬಾದಾಮಿಯವಳೆಂದು ಹೇಗೋ ಗೊತ್ತಾಗಿಬಿಟ್ಟಿದೆ. "ಬಾದಾಮಿಯವರು, ಅಣ್ಣನೇ ಕ್ಲೈಂಬಿಂಗ್ ಶಾಲೆ ನಡೆಸುತ್ತಾನೆ, ನಿಮಗೆ ಹಗ್ಗ ಹಿಡಿಯಲು ಬರುವುದಿಲ್ಲವೇ ದಿದಿ?" ಎಂದು ನಗುತ್ತಾನೆ. ಒಬ್ಬರು ಹತ್ತಿದರೆ ಇನ್ನೊಬ್ಬರು ಕೆಳಗೆ ಹಗ್ಗ ಹಿಡಿಯಬೇಕಲ್ಲ, ಅವರಿಗೆ ಜೋಡಿಗೆ ಒಬ್ಬರು ಕಡಿಮೆ.

ಕೊನೆಯ ಸಲ ನಾನು ಹಗ್ಗ ಹಿಡಿದದ್ದು ನಿನಗೇ. ನೀನು ಮೇಲೆ ಹತ್ತುತ್ತಿದ್ದೆ, ಕೆಳಗೆ ನಾನು. ಜೇಬಿನಲ್ಲಿ ಫೋನು ನಡುಗಿತು. ಇಲ್ಲಿ ಸೀಟು ಸಿಕ್ಕಿತೆಂದು ಹೇಳಲು ಮಾಡಿದ ಕರೆ. ಒಂದು ಕ್ಷಣ ಕಣ್ಣು ಕೆಳಗೆ ಹೋಯಿತು. ತಲೆ ಎತ್ತುವಷ್ಟರಲ್ಲಿ ನೀನು ಚಾಚುಗಲ್ಲಿಗೆ ಬಡಿದು, ಅಲ್ಲಿಂದ ಉರುಳಿ, ಹಗ್ಗದಲ್ಲಿ ಜೋತಾಡುತ್ತಿದ್ದೆ. ಮಣಿಕಟ್ಟು ಮುರಿದಿತ್ತು, ಹಿಮ್ಮಡಿಯೂ. ಆಸ್ಪತ್ರೆಯಲ್ಲಿ ಮಕ್ಕಳ ತಂದೆತಾಯಿಯರೆಲ್ಲ ನಿಂತಿದ್ದಾಗ, "ಅಕಿ ಲಕ್ಷ್ಯ ಹಗ್ಗದ ಮ್ಯಾಲ ಇರ್ಲಿಲ್ಲ" ಅಂದೆ. ನಾನು ಇಲ್ಲ ಅನ್ನಲಿಲ್ಲ. ನಿಜವೇ ಆಗಿತ್ತಲ್ಲ.

ಕೇಳುವುದು ಒಂದೇ. ಆ ದಿನ ನನ್ನ ಕೈಯಿಂದ ಎಷ್ಟು ಹಗ್ಗ ಓಡಿತು? ಒಂದು ಅಡಿಯೋ, ಹತ್ತು ಅಡಿಯೋ? ನಿನಗೆ ಗೊತ್ತಿರಲೇಬೇಕು. ಗೊತ್ತಾದರೆ ಹಗ್ಗ ಮುಟ್ಟಬೇಕೋ ಬಾರದೋ ನಿರ್ಧಾರ ಮಾಡುತ್ತೇನೆ.

ಈಚೆಗೆ ಕೂತಲ್ಲಿ ಕೂರಲಾಗುವುದಿಲ್ಲ. ನಿನ್ನೆ ಯಾವುದೋ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ ಅದರಲ್ಲೇ ತಿರುಗಿ ಬಂದೆ. ಕಂಡಕ್ಟರ್ "ಕೋಥಾಯ್ ಜಾಬೆನ್ ದಿದಿ?" ಎಂದು ಎರಡು ಸಲ ಕೇಳಿದ. ಎಲ್ಲಿಗೆ ಎಂದು ಕೇಳಿದ್ದಕ್ಕೆ ಕೊನೆಯ ಸ್ಟಾಪಿನ ದುಡ್ಡು ಕೊಟ್ಟೆ.

ನಮ್ರತಾ


ಬಾದಾಮಿ
16 ಅಕ್ಟೋಬರ್ 2024

ನಮ್ರತಾ,

ಜೈ ಜಿನೇಂದ್ರ. ಕಾಗದ ಮುಟ್ಟಿತು. ಉತ್ತರ ತಡವಾಯಿತು, ಬಲಗೈ ಹೆಚ್ಚು ಹೊತ್ತು ಪೆನ್ನು ಹಿಡಿಯುವುದಿಲ್ಲ.

ಸುಣ್ಣದಕಲ್ಲನ್ನು ನಾನು ಹತ್ತಿದ್ದು ಒಂದೇ ಸಲ, ಲೋಕಾಪುರದ ಕಡೆ ಒಂದು ಪಾಳುಬಿದ್ದ ಕ್ವಾರಿಯಲ್ಲಿ. ತಿಳಿದಷ್ಟು ಬರೆಯುತ್ತೇನೆ. ನಮ್ಮ ಕೆಂಪುಕಲ್ಲಿನಂತೆ ಅದು ಪಾದವನ್ನು ಹಿಡಿದುಕೊಳ್ಳುವುದಿಲ್ಲ. ನಾಲ್ಕು ಜನ ಹತ್ತಿದರೆ ಸಾಕು, ಜಾರುತ್ತದೆ. ತೇವವಿದ್ದ ದಿನ ಮುಟ್ಟಲೇಬೇಡಿ. ನೀರು ಕೊರೆದ ತೂತುಗಳಲ್ಲಿ ಬೆರಳು ಹಾಕುವ ಮೊದಲು ಒಳಗೇನಿದೆ ನೋಡಬೇಕು. ಅಂಚುಗಳು ಬ್ಲೇಡಿನಂತಿರುತ್ತವೆ, ಹಗ್ಗ ಅದಕ್ಕೆ ಉಜ್ಜದಂತೆ ನೋಡಿಕೊಳ್ಳಬೇಕು. ಹಿಡಿಯುವ ಮುಂಚೆ ಗೆಣ್ಣಿನಿಂದ ಬಡಿದು ಕೇಳು. ಗಡಿಗೆಯಂತೆ ಸದ್ದು ಬಂದರೆ ಒಳಗೆ ಪೊಳ್ಳು. ಹಗ್ಗ ಸಿಕ್ಕಿಸಲು ಬಂಡೆಗೆ ಬೋಲ್ಟು ಹೊಡೆದವರು ಯಾರು, ಯಾವ ವರ್ಷ ಹೊಡೆದದ್ದು ಎಂದು ಕೇಳಿ ತಿಳಿದುಕೊ. ಸಣ್ಣ ಬಂಡೆಗಳನ್ನು ಹಗ್ಗವಿಲ್ಲದೆ ಹತ್ತುವಾಗ ಕೆಳಗೆ ಎರಡು ಗಾದಿ ಹಾಸಿರಿ, ಒಂದು ಸಾಲದು.

ನೀನು ಕೇಳಿದ ಅಳತೆ ನನಗೆ ಗೊತ್ತಿಲ್ಲ. ಆದದ್ದು ಆಗಿಹೋಯಿತು. ಅದನ್ನು ಈಗ ಕೆದಕುವುದು ಬೇಡ. ಹಗ್ಗ ಹಿಡಿ ಎಂದು ನಾನು ಹೇಳಲಾರೆ, ಹಿಡಿಯಬೇಡ ಎಂದೂ ಹೇಳಲಾರೆ.

ಶಾಲೆ ನಡೆದಿದೆ. ಹನ್ನೊಂದು ಮಕ್ಕಳು.

ಭರತೇಶ


ನ್ಯೂ ಟೌನ್
25 ಅಕ್ಟೋಬರ್ 2024

ಅಣ್ಣಾ,

ಕಲ್ಲಿನ ಬಗ್ಗೆ ಅಷ್ಟು ಬರೆದೆ. ಕಲ್ಲು ನನಗೆ ಗೊತ್ತು, ಅದರ ಮೇಲೆ ಆಸಿಡ್ಡಿನ ಹನಿ ಹಾಕಿ ನೊರೆ ಎದ್ದದ್ದನ್ನು ನೋಡುವುದೇ ನನ್ನ ಕೆಲಸ. ನಾನು ಕೇಳಿದ್ದಕ್ಕೆ ಒಂದು ಸಾಲು: ಗೊತ್ತಿಲ್ಲ. ಮೊದಲ ಸಾಲಿನಲ್ಲೇ ಬಲಗೈ. ಸರಿ, ಅರ್ಥವಾಯಿತು. ನೀನು ಇನ್ನೂ ಕ್ಷಮಿಸಿಲ್ಲ, ಅದನ್ನು ಬಾಯಿಬಿಟ್ಟು ಹೇಳುವಷ್ಟೂ ನನ್ನೊಡನೆ ಮಾತು ಬೇಕಾಗಿಲ್ಲ.

ಕಾಗದ ಬಂದ ದಿನ ಕೋಣೆಯಲ್ಲಿರಲಾಗದೆ ಹೌರಾಕ್ಕೆ ಹೋಗಿ ದೋಣಿ ಹತ್ತಿದೆ. ಈ ದಡದಿಂದ ಆ ದಡಕ್ಕೆ, ಮತ್ತೆ ಈ ದಡಕ್ಕೆ. ಆಮೇಲೆ ಅಲಿಪುರದ ಕಡೆ ಮೈದಾನದಲ್ಲಿರುವ ಕ್ಲಬ್ಬಿನ ಕೃತಕ ಗೋಡೆಯ ಹತ್ತಿರ ಹೋಗಿ ಅಮಿತ್‌ಗೆ, "ನಾನು ಬರುತ್ತೇನೆ, ಚೀಲ ಹೊರುತ್ತೇನೆ, ಅಡುಗೆ ಮಾಡುತ್ತೇನೆ. ಹಗ್ಗ ಮಾತ್ರ ಹಿಡಿಯುವುದಿಲ್ಲ" ಎಂದು ಹೇಳಿದೆ. ಯಾಕೆಂದು ಅವನು ಕೇಳಲಿಲ್ಲ.

ಕೇಳಿದವಳು ಸಮೀಕ್ಷಾ. ಹದಿನೇಳು ವರ್ಷದ ಹುಡುಗಿ, ಅಪ್ಪ ರೈಲ್ವೆಯಲ್ಲಿ ಇಂಜಿನಿಯರು, ಮೈಸೂರಿನವರು. ಹುಟ್ಟಿದ್ದು ಬೆಳೆದದ್ದು ಇಲ್ಲೇ. ಗೋಡೆಯ ಮೇಲೆ ಹಲ್ಲಿಯಂತೆ ಓಡುತ್ತಾಳೆ. ಕನ್ನಡ ಪೂರಾ ತಿಳಿಯುತ್ತದೆ, ಆಡಲು ಹೋದರೆ ಮೂರು ಭಾಷೆ ಸೇರಿಕೊಳ್ಳುತ್ತದೆ.

"ಅಕ್ಕಾ, ಮಮ್ಮಿ ಬೋಲ್ ರಹೀ ಹೈ, ನೀವ್ ಹಗ್ಗ ಹಿಡಿದ್ರೆ ಮಾತ್ರ ನಾನ್ ಹೋಗ್ಬೋದು. ನಮ್ಮ ಕನ್ನಡದೋರು ಅಂತ. ಅದರ್‌ವೈಸ್ ನೋ ಟ್ರಿಪ್."

"ನಾನು ಹಗ್ಗ ಹಿಡಿದು ಒಬ್ಬರನ್ನು ಬೀಳಿಸಿದೀನಿ" ಅಂದೆ. ಹುಡುಗಿಗೆ ಹಾಗೆ ಹೇಳಬಾರದಿತ್ತು.

ಅವಳು ನನ್ನ ಕೈಗಳನ್ನು ನೋಡಿದಳು. "ಮರ್ ಗಯೇ ಕ್ಯಾ? ಸತ್ತೋದ್ರಾ?"

"ಇಲ್ಲ."

"ತೋ?" ಅಂದು ಹೆಗಲು ಹಾರಿಸಿದಳು.

ಅವಳ ತಾಯಿಗೆ ನಾನೇ ಫೋನು ಮಾಡಿ, ಹಗ್ಗ ಅಮಿತ್ ಹಿಡಿಯುತ್ತಾನೆ, ನಾನು ಜೊತೆಗಿರುತ್ತೇನೆ ಎಂದು ಒಪ್ಪಿಸಿದ್ದೇನೆ. ನಿನಗೆ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ಇನ್ನು ಬರೆಯುವುದಿಲ್ಲ.

ನಮ್ರತಾ


ಬಾದಾಮಿ
8 ನವೆಂಬರ್ 2024

ನಮ್ಮೀ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ದಿನಕ್ಕೊಂದು ಸಲ ಬರೆಯಲು ಕೂತು ಎದ್ದಿದ್ದೇನೆ. ನೀನು ಈಗ ಆ ಬಂಡೆಗಳ ಹತ್ತಿರವೇ ಇರುತ್ತೀ. ಈ ಕಾಗದ ಅದಕ್ಕಿಂತ ಮೊದಲು ನಿನಗೆ ಸಿಗಬೇಕಾಗಿತ್ತು, ಅದೂ ನನ್ನ ತಪ್ಪೇ.

ನಾನು ಕ್ಷಮಿಸಿಲ್ಲ ಎಂದು ಬರೆದಿದ್ದೀ. ಕ್ಷಮಿಸಲು ನಿನ್ನದೇನೂ ಇಲ್ಲ.

ಆ ದಿನ ನಾನು ಮೂರನೆಯ ಬೋಲ್ಟಿಗೆ ಹಗ್ಗ ಹಾಕಲಿಲ್ಲ. ಮರೆತದ್ದಲ್ಲ. ಹೊಸ ಬ್ಯಾಚಿನ ಮಕ್ಕಳು, ಅವರ ಮನೆಯವರು ಕೆಳಗೆ ನಿಂತಿದ್ದರು. ಮಗಳನ್ನು ಸೇರಿಸಲು ಬಂದಿದ್ದ ಮಾಧವ ಮಾಸ್ತರರು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಅಲ್ಲಿ ನಿಂತು ಒಂದು ಕೈಯಲ್ಲಿ ತಡಕಾಡುತ್ತಾ ಕ್ಲಿಪ್ ಹಾಕುವುದು ನೋಡಲು ಚಂದ ಕಾಣುವುದಿಲ್ಲ ಅನ್ನಿಸಿತು. ಒಂದೇ ಓಟಕ್ಕೆ ನಾಲ್ಕನೆಯದಕ್ಕೆ ಹೋಗುತ್ತೇನೆ ಅಂದುಕೊಂಡೆ. ನೂರು ಸಲ ಹತ್ತಿದ ದಾರಿ. ನಾಲ್ಕನೆಯದು ಒಂದು ಮೊಳ ದೂರವಿದ್ದಾಗ ಎಡಗಾಲು ಜಾರಿತು.

ನೀನು ಕೆಳಗೆ ನೋಡಿದ್ದು ನನಗೆ ಕಂಡೇ ಇಲ್ಲ. ಗೋಡೆಗೆ ಮುಖ ಮಾಡಿದವನಿಗೆ ಹೇಗೆ ಕಂಡೀತು? ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ ನೀನೇ ಅಳುತ್ತಾ, "ಅಣ್ಣಾ, ನಾ ಫೋನ್ ನೋಡಿದೆ, ನಾ ಫೋನ್ ನೋಡಿದೆ" ಎಂದೆ. ಅಲ್ಲಿ ಎಲ್ಲರೂ ಸೇರಿ "ಹ್ಯಾಂಗಾತ್ರೀ ಸರ?" ಎಂದು ಕೇಳಿದಾಗ ನೀನು ಕೊಟ್ಟ ಆ ಮಾತನ್ನೇ ಎತ್ತಿ ಹೇಳಿಬಿಟ್ಟೆ. ಕಲಿಸುವವನೇ ಬೋಲ್ಟು ಬಿಟ್ಟ ಎಂದರೆ ಯಾರು ಮಕ್ಕಳನ್ನು ಕಳಿಸುತ್ತಾರೆ? ಒಂದು ವಾರದ ಮಟ್ಟಿಗೆ ಅಂದುಕೊಂಡಿದ್ದೆ. ಆಮೇಲೆ ನಿನ್ನೊಬ್ಬಳಿಗಾದರೂ ಹೇಳೋಣವೆಂದಿದ್ದೆ. ಆ ವಾರದೊಳಗೆ ನೀನು ಗಾಡಿ ಹತ್ತಿ ಹೋಗಿದ್ದೆ.

ಫೋನು ಎತ್ತದೆ ಇದ್ದದ್ದು ಸಿಟ್ಟಿನಿಂದ ಅಲ್ಲ. ನಿನ್ನ ದನಿ ಕೇಳಿದರೆ ಹೇಳಿಬಿಡುತ್ತೇನೆಂಬ ಅಂಜಿಕೆ.

ಎಷ್ಟು ಹಗ್ಗ ಓಡಿತು ಎಂದು ಕೇಳಿದೆಯಲ್ಲ. ಚಾಚುಗಲ್ಲಿನಿಂದ ಉರುಳಿದ ಮೇಲೆ ನಾನು ನೆಲ ಮುಟ್ಟಲಿಲ್ಲ. ಹಿಡಿದದ್ದು ನಿನ್ನ ಕೈ. ನನಗೆ ಗೊತ್ತಿರುವುದು ಇಷ್ಟೇ, ಮತ್ತು ಇದು ಆ ದಿನದಿಂದಲೂ ಗೊತ್ತಿತ್ತು.

ಅಣ್ಣ


ನ್ಯೂ ಟೌನ್
15 ನವೆಂಬರ್ 2024, ಬೆಳಿಗ್ಗೆ

ಅಣ್ಣಾ,

ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ. ನಿನ್ನೆ ಬಂದಿಳಿದೆ, ಚೀಲದಲ್ಲಿ ಕಲ್ಲಿನ ಚೂರುಗಳು ಇನ್ನೂ ಹಾಗೇ ಇವೆ.

ಸೋಹ್ರಾ ಎಂಬ ಊರು ದಾಟಿ, ನೆಲ ಮುಗಿದು ಬಾಂಗ್ಲಾದೇಶದ ಬಯಲು ಕೆಳಗೆ ಕಾಣುವ ಕಡೆ ಒಂದು ಹಳ್ಳಿ. ಹಳ್ಳಿಯ ಹಿಂದೆ ಕಾಡಿನ ನಡುವೆ ಬೂದುಬಣ್ಣದ ಬಂಡೆಗಳು, ಆನೆಗಾತ್ರದವು, ಮನೆಗಾತ್ರದವು, ಅವುಗಳ ಹಿಂದೆ ನೆಟ್ಟಗೆ ನಿಂತ ಗೋಡೆ. ಮಳೆ ಆ ಕಲ್ಲನ್ನು ತಿಂದು ಹಾಕಿದೆ. ಮೇಲ್ಮೈಯೆಲ್ಲ ಕೊರಕಲು, ತೂತು, ಕತ್ತಿಯಲಗು. ಮೊದಲ ದಿನ ಗಾದಿ ಹಾಸಿ ಸಣ್ಣ ಬಂಡೆಗಳನ್ನು ಹತ್ತಿದರು. ನಾನೂ ಒಂದನ್ನು ಹತ್ತಿದೆ. ಎರಡೂ ಕೈಯ ಚರ್ಮ ಹರಿಯಿತು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ತಲೆಯೊಳಗೆ ಏನೂ ಓಡುತ್ತಿರಲಿಲ್ಲ.

ನಮಗೆ ಊಟ ಹಾಕಿದವರು ಕಾಂಗ್ ಇಬನ್. ಅಲ್ಲಿ ಹಿರಿಯ ಹೆಂಗಸರನ್ನು ಕಾಂಗ್ ಎನ್ನುತ್ತಾರೆ, ನಮ್ಮ ಅಕ್ಕನ ಹಾಗೆ. ಸಂಜೆ ಬೆಳಕಿರುವಾಗಲೇ ನನಗೆ ಬೇರೆಯಾಗಿ, ಗಡ್ಡೆ ಗೆಣಸಿಲ್ಲದೆ ಬಡಿಸುತ್ತಿದ್ದರು. ಒಂದೇ ಸಲ ಹೇಳಿದ್ದೆ.

ಎರಡನೆಯ ದಿನ ಅಮಿತ್‌ಗೆ ಜ್ವರ. ಸಮೀಕ್ಷಾ ಸೊಂಟಕ್ಕೆ ಹಾರ್ನೆಸ್ ಪಟ್ಟಿ ಕಟ್ಟಿಕೊಂಡು ಗೋಡೆಯ ಬುಡದಲ್ಲಿ ನಿಂತಿದ್ದಳು. ಉಳಿದ ಇಬ್ಬರು ಆಚೆ ಬಂಡೆಯ ಕಡೆ ಹೋಗಿದ್ದರು. ಅವಳ ತಾಯಿಗೆ ಕೊಟ್ಟ ಮಾತೂ ಇತ್ತು. ಬೇಡ ಎನ್ನಲು ಬಾಯಿ ತೆರೆದೆ.

"ಅಕ್ಕಾ, ಪ್ಲೀಸ್. ನಾಳೆ ವಾಪಸ್ ಅಲ್ವಾ?"

ಗಂಟು ಎರಡು ಸಲ ನೋಡಿದೆ. ಮೂರನೆಯ ಸಲವೂ ನೋಡಿದೆ. ಅವಳಿಗೇ ನಗು ಬಂತು. ಬೋಲ್ಟು ಯಾವ ವರ್ಷದ್ದೆಂದು ಅಮಿತ್‌ನನ್ನು ಕೇಳಿ ಬಂದೆ. ಹಗ್ಗ ಹಿಡಿದಾಗ ಅಂಗೈ ಎಷ್ಟು ಬೆವೆತಿತ್ತೆಂದರೆ ಕಲ್ಲಿನ ಧೂಳು ಹಚ್ಚಿಕೊಳ್ಳಬೇಕಾಯಿತು.

ಅವಳು ಐದನೆಯ ಬೋಲ್ಟು ದಾಟಿದ್ದಳು. ಹಿಂದಿನಿಂದ ಕಾಂಗ್ ಇಬನ್ ಚಹಾ ತಂದು ನನ್ನನ್ನು ಕೂಗಿದರು. ನಾನು ತಿರುಗಿದೆ. ಅಣ್ಣಾ, ಕೇಳು. ನಾನು ತಿರುಗಿದೆ. ಅದೇ ಹೊತ್ತಿಗೆ ಅವಳ ಕೈಯಲ್ಲಿದ್ದ ಕಲ್ಲು ಕಿತ್ತು ಬಂತು.

ಹಗ್ಗ ಜಗ್ಗಿ ನನ್ನನ್ನು ನೆಲದಿಂದ ಒಂದು ಗೇಣು ಎತ್ತಿತು. ಅಷ್ಟೇ. ಮೇಲೆ ಅವಳು ತೂಗುತ್ತಾ, ಬೈಗುಳವೊಂದನ್ನು ಬಂಗಾಳಿಯಲ್ಲಿ ಹೇಳಿ, "ಅಕ್ಕಾ! ಮಸ್ತ್ ಕ್ಯಾಚ್!" ಎಂದು ಕೂಗಿದಳು.

ನನ್ನ ಕಣ್ಣು ಹಗ್ಗದ ಮೇಲಿರಲಿಲ್ಲ. ಕೈ ಇತ್ತು.

ಅವಳನ್ನು ಇಳಿಸಿ, ಬಂಡೆಯ ಹಿಂದೆ ಹೋಗಿ ಅತ್ತೆ. ಆಮೇಲೆ ಫೀಲ್ಡ್ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಬಾದಾಮಿಯ ಆ ಗೋಡೆಯನ್ನು ಎಂಎಸ್ಸಿಗೆ ಅಡಿ ಅಡಿಯಾಗಿ ಅಳೆದವಳು ನಾನು, ನೆನಪಿದೆಯಲ್ಲ. ಚಾಚುಗಲ್ಲು ನೆಲದಿಂದ ಹದಿಮೂರು ಅಡಿ. ಎರಡನೆಯ ಬೋಲ್ಟು ಹತ್ತೊಂಬತ್ತು, ಮೂರನೆಯದು ಇಪ್ಪತ್ತಾರು. ನೀನು ಜಾರಿದ್ದು ಮೂವತ್ತರಿಂದ, ಕಣ್ಣು ಇಳಿಸುವ ಮೊದಲು ಅಲ್ಲೇ ನೋಡಿದ್ದೆ; ಮೂರನೆಯದಕ್ಕೆ ಹಗ್ಗ ಹಾಕಿದೆಯೋ ಎಂದು ಮಾತ್ರ ಗಮನಿಸಿರಲಿಲ್ಲ. ಮೂರನೆಯದರಲ್ಲಿ ಹಗ್ಗ ಇದ್ದಿದ್ದರೆ ನಾಲ್ಕು ಅಡಿ ಮೇಲಿಂದ ನಾಲ್ಕು ಅಡಿ ಕೆಳಕ್ಕೆ, ಇಪ್ಪತ್ತೆರಡರಲ್ಲಿ ನಿಲ್ಲುತ್ತಿದ್ದೆ. ಚಾಚುಗಲ್ಲು ನಿನಗೆ ಸಿಗುತ್ತಲೇ ಇರಲಿಲ್ಲ. ಎರಡನೆಯದೇ ಕೊನೆಯದಾಗಿದ್ದರೆ ಹನ್ನೊಂದು ಅಡಿ ಮೇಲಿಂದ ಹನ್ನೊಂದು ಅಡಿ ಕೆಳಕ್ಕೆ, ನೆಲದಿಂದ ಎಂಟು ಅಡಿಯವರೆಗೆ ಬರಬೇಕು. ನೀನು ಜೋತಾಡುತ್ತಿದ್ದದ್ದು ನನ್ನ ತಲೆಗಿಂತ ಸ್ವಲ್ಪ ಮೇಲೆ, ಏಳರ ಹತ್ತಿರ. ಹಗ್ಗ ಹಿಗ್ಗುವುದೇ ಅಷ್ಟು.

ನನ್ನ ಕೈಯಿಂದ ಏನೂ ಓಡಲಿಲ್ಲ ಅಣ್ಣಾ. ಐದಾರು ಸಲ ಕೂಡಿ ಕಳೆದು ನೋಡಿದೆ.

ನೀನು ಮೂರನೆಯ ಬೋಲ್ಟು ಬಿಟ್ಟಿದ್ದೆಯಾ? ಹೌದೋ ಅಲ್ಲವೋ, ಒಂದು ಅಕ್ಷರ ಬರೆ. ಇದನ್ನು ಈಗಲೇ ಪೋಸ್ಟಿಗೆ ಹಾಕಿ ಬರುತ್ತೇನೆ.

ನಮ್ರತಾ


ನ್ಯೂ ಟೌನ್
17 ನವೆಂಬರ್ 2024

ನಿನ್ನ ಎಂಟನೆಯ ತಾರೀಖಿನ ಕಾಗದ ನಿನ್ನೆ ಬಂತು. ನನ್ನದು ಪೆಟ್ಟಿಗೆಗೆ ಬಿದ್ದ ಮಾರನೆಯ ದಿನ.

ಓದಿದೆ. ಮತ್ತೆ ಮತ್ತೆ ಓದಿದೆ. ಚಪ್ಪಲಿ ಮೆಟ್ಟಿ ಹೊರಟು, ಎಲ್ಲಿಗೆಂದು ಗೊತ್ತಿಲ್ಲದೆ ನಡೆದು, ಕಾಲು ಸೋತ ಮೇಲೆ ಆಟೋ ಹಿಡಿದು ಬಂದೆ.

ನಾನು ಹತ್ತುವುದನ್ನು ಬಿಟ್ಟೆ. ಊರು ಬಿಟ್ಟೆ. ಈ ನಗರದಲ್ಲಿ ಬಸ್ಸಿನಲ್ಲಿ ಎದುರಿಗೆ ಯಾರಾದರೂ ಕಂಬಿ ಬಿಟ್ಟು ನಿಂತರೆ ನನ್ನ ಕೈ ಅವರನ್ನು ಹಿಡಿಯಲು ಮುಂದೆ ಹೋಗುತ್ತದೆ. ಇದೆಲ್ಲ ನಿನ್ನ ಒಂದು ವಾರ.

ನನಗೊಬ್ಬಳಿಗೆ ಹೇಳಿದರೆ ಮುಗಿಯಲಿಲ್ಲ. ಆಸ್ಪತ್ರೆಯಲ್ಲಿ ಯಾರ ಮುಂದೆ ಹೇಳಿದೆಯೋ ಅವರ ಮುಂದೆಯೇ ಹೇಳು. ಈಗಿರುವ ಹನ್ನೊಂದು ಮಕ್ಕಳಿಗೂ ಹೇಳು. ಅಲ್ಲಿಯವರೆಗೆ ಕಾಗದ ಬೇಡ.

ನಮ್ರತಾ


ಬಾದಾಮಿ
9 ಡಿಸೆಂಬರ್ 2024

ನಮ್ಮೀ,

ಹೌದು. ನೀನು ಕೇಳಿದ ಒಂದು ಅಕ್ಷರ ಅದೇ.

ಹೋದ ವಾರ ಭಾನುವಾರ ಎಲ್ಲರನ್ನೂ ಆ ಗೋಡೆಯ ಕೆಳಗೇ ಕರೆಸಿದೆ. ಹಿಂದಿನ ಬ್ಯಾಚಿನ ತಂದೆತಾಯಿಯರಲ್ಲಿ ಆರು ಮಂದಿ ಬಂದಿದ್ದರು, ಉಳಿದವರ ಮನೆಗೆ ಹೋಗಿ ಹೇಳಿ ಬಂದಿದ್ದೇನೆ. ಮೂರನೆಯ ಬೋಲ್ಟಿಗೆ ಕೈ ತೋರಿಸಿ, "ಅವತ್ತ ನಾ ಇದಕ್ಕ ಹಗ್ಗಾ ಹಾಕಿರ್ಲಿಲ್ಲ. ನನ್ನ ತಂಗೀದು ಏನೂ ತಪ್ಪಿರ್ಲಿಲ್ಲ. ನಾ ಸುಳ್ಳ ಹೇಳಿದ್ದೆ" ಅಂದೆ.

ಮಾಧವ ಮಾಸ್ತರರು ಎದ್ದು ನಿಂತರು. "ಅಲ್ಲೋ ಭರತೇಶ, ಇಷ್ಟ ದಿನಾ ಯಾಕ ಸುಮ್ಮನ ಕುಂತಿದ್ದಿ?"

"ಅಂಜಿಕಿ ಬಂದಿತ್ರಿ. ನಿಮ್ಮ ಫೋನಿನ್ಯಾಗಿನ ವಿಡಿಯೋ ಯಾರರೆ ನೋಡ್ತಾರ ಅಂತ ದಿನಾ ಅಂಜತಿದ್ದೆ."

"ಆ ವಿಡಿಯೋ ಎಲ್ಲಿ ಐತಿ? ಆ ಫೋನು ಅದೇ ಬ್ಯಾಸಿಗ್ಯಾಗ ಕೆಟ್ಟು ಹೋತು."

ಅದನ್ನು ಕೇಳಿ ನಾನು ಅಲ್ಲೇ ಕೂತುಬಿಟ್ಟೆ.

ನಾಲ್ಕು ಮಕ್ಕಳನ್ನು ಬಿಡಿಸಿಕೊಂಡು ಹೋದರು. ತಪ್ಪೇನಿಲ್ಲ, ನಾನಾದರೂ ಹಾಗೇ ಮಾಡುತ್ತಿದ್ದೆ. ಮಾಸ್ತರರು ಮಗಳನ್ನು ಬಿಡಿಸಲಿಲ್ಲ, ಆದರೆ ನನ್ನೊಡನೆ ಮಾತಾಡದೆ ಹೋದರು. ಖುಷಿ ಎಂಬ ಹತ್ತು ವರ್ಷದ ಹುಡುಗಿ ಮಾತ್ರ ಕೈ ಎತ್ತಿ, "ಸರ, ಹಂಗಾದ್ರ ನಿಮ್ಮ ತಂಗಿ ನಿಮಗ ಬೈಯಲಿಲ್ಲೇನ್ರಿ?" ಎಂದು ಕೇಳಿದಳು. ಬೈದಾಳ ಅಂದೆ. "ಛಲೋ ಆತು" ಅಂದಳು.

ಮನಸ್ಸು ಹಗುರಾಯಿತೆಂದು ಬರೆಯಲಾರೆ. ಆ ನಾಲ್ಕು ಮಕ್ಕಳು ಬರುವ ಹೊತ್ತಿಗೆ ದಾರಿ ನೋಡುತ್ತೇನೆ. ನೀನು ಬಾ ಎಂದು ಕರೆಯುವ ಮುಖ ನನಗಿಲ್ಲ.

ಅಣ್ಣ


ನ್ಯೂ ಟೌನ್
20 ಡಿಸೆಂಬರ್ 2024

ಅಣ್ಣಾ,

ಖುಷಿಗೆ ಹೇಳು, ಬೈಗುಳ ಇನ್ನೂ ಬಾಕಿ ಇದೆ ಎಂದು.

ನಾನು ಬಾದಾಮಿಗೆ ಬರುವುದಿಲ್ಲ, ಈಗಲೇ ಬರಲಾರೆ. ಆ ಗೋಡೆಯ ಕೆಳಗೆ ನಿಂತು ನಿನ್ನ ಮುಖ ನೋಡಲು ನನ್ನಿಂದಾಗದು. ಸಿಟ್ಟು ಹೋಗಿಲ್ಲ. ಬೆಳಿಗ್ಗೆ ಇರುವುದಿಲ್ಲ, ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಕಲ್ಲು ಕೊಯ್ಯುವಾಗ ಎಲ್ಲಿಂದಲೋ ಬಂದು ಕೂರುತ್ತದೆ. ಅದು ಹೋಗುವವರೆಗೆ ಕಾಯೋಣವೆಂದು ನೋಡಿದೆ. ಆಗಲಿಲ್ಲ.

ಜನವರಿಯಲ್ಲಿ ಮತ್ತೆ ಆ ಹಳ್ಳಿಗೆ ಹೋಗುತ್ತಿದ್ದೇನೆ, ಚೂರುಗಳು ಸಾಲದಾಗಿವೆ. ಸಮೀಕ್ಷಾಗೆ ಪರೀಕ್ಷೆ, ಅವಳು ಬರುವುದಿಲ್ಲ. ಅವಳು ಬಿದ್ದ ಆ ಗೋಡೆಯನ್ನು ನಾನು ಹತ್ತಬೇಕು. ಕೆಳಗೆ ನಿಲ್ಲಲು ಒಬ್ಬರು ಬೇಕು. ಅಮಿತ್ ಬರುತ್ತೇನೆಂದ. ಬೇಡ, ನಮ್ಮಣ್ಣನನ್ನು ಕರೆಯುತ್ತೇನೆ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ನಿನ್ನ ಮಣಿಕಟ್ಟು ಹಗ್ಗ ತಡೆಯುತ್ತದೆಯೋ ಇಲ್ಲವೋ ನಿಜ ಹೇಳು. ತಡೆಯುವುದಿಲ್ಲವಾದರೆ ಸುಮ್ಮನೆ ಬಂದು ಕೂತು ನೋಡು, ಅಮಿತ್ ಹಿಡಿಯುತ್ತಾನೆ. ತಡೆಯುತ್ತದೆ ಎಂದು ಈ ಸಲ ಸುಳ್ಳು ಹೇಳಿದೆಯೋ, ಬೀಳುವವಳು ನಾನು.

ಹುಬ್ಬಳ್ಳಿಯಿಂದ ಹೌರಾ ಗಾಡಿಗೆ ಹತ್ತು. ನಾನು ಪ್ಲಾಟ್‌ಫಾರ್ಮಿನಲ್ಲೇ ಇರುತ್ತೇನೆ, ಅಪ್ಪಿಕೊಳ್ಳಲು ಬರಬೇಡ. ಮೊದಲ ದಿನ ನಾನು ಹೆಚ್ಚು ಮಾತಾಡಲಾರೆ. ಗುವಾಹಟಿಗೆ ಹನ್ನೆರಡನೆಯ ತಾರೀಖಿಗೆ ಎರಡು ಟಿಕೆಟ್ ತೆಗೆದಿದ್ದೇನೆ. ವೇಟಿಂಗ್ ಲಿಸ್ಟ್ ಹದಿನಾಲ್ಕು, ಹದಿನೈದು. ಆಗದಿದ್ದರೆ ಜನರಲ್ ಬೋಗಿಯಲ್ಲಿ ನಿಂತೇ ಹೋಗೋಣ. ನನಗೆ ಕೂತು ಅಭ್ಯಾಸ ತಪ್ಪಿದೆ, ನಿನಗೂ ಆಗಲಿ.

ನಮ್ಮಿ